ಸೌಟಿನ ಹಕ್ಕಿ

ಫ್ಲಾರಿಡಾದ ಮಗಳ ಮನೆಗೆ ಹೋದ ಮೂರನೆಯ ವಾರಕ್ಕೇ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಕಾರಣ ದೊಡ್ಡದೇನಲ್ಲ. ಆರು ವರ್ಷದ ಮೊಮ್ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. "ನಿನ್ನ ಮಗಳು ನಮ್ಮವಳ ಹಾಗೆ ಕಾಣೋದೇ ಇಲ್ಲ ಕಣೆ" ಅಂದುಬಿಟ್ಟೆ. "ಇಲ್ಲಿ ಹುಟ್ಟಿದವಳು ಇಲ್ಲಿಯವರ ಹಾಗೇ ಇರ್ತಾಳೆ. ನೀನು ಸುಮ್ಮನಿರಮ್ಮ" ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು!

ನಮ್ಮನ್ನು ರಾಜಿ ಮಾಡಿಸಲೆಂದೋ ಏನೋ, ಆ ಭಾನುವಾರ ಬೆಳಕು ಹರಿಯುವ ಮುಂಚೆಯೇ ಅಳಿಯಂದಿರು ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಮೆರಿಟ್ ದ್ವೀಪಕ್ಕೆ ಹೊರಟರು. ಅಟ್ಲಾಂಟಿಕ್ ಕಡಲಂಚಿನ ಜವುಗು ನೆಲ ಅದು, 1963ರಿಂದ ವನ್ಯಜೀವಿಧಾಮ. ಪಕ್ಕದಲ್ಲೇ ರಾಕೆಟ್ ಹಾರಿಸುವ ಕೆನಡಿ ಕೇಂದ್ರ. ಕೆರೆ ಏರಿಯಂಥ ಮಣ್ಣಿನ ದಾರಿಯಲ್ಲಿ 7 ಮೈಲಿ ಮೆಲ್ಲಗೆ ಸಾಗಬೇಕು. ಇಳಿದು ಓಡಾಡಿದರೆ ಹಕ್ಕಿಗಳು ಬೆದರುತ್ತವೆ. ಕಾರಿನೊಳಗೇ ಕೂತರೆ ನಮ್ಮನ್ನು ಲೆಕ್ಕಕ್ಕೇ ಇಡುವುದಿಲ್ಲ.

ಒಂದು ತಿರುವು ಕಳೆಯುತ್ತಲೇ, ಆಳವಿಲ್ಲದ ನೀರಿನಲ್ಲಿ ಹತ್ತಿಪ್ಪತ್ತು ಗುಲಾಬಿ ಹಕ್ಕಿಗಳು! ರಂಗನತಿಟ್ಟಿನಲ್ಲಿ ಬಿಳಿಯ ಚಮಚಕೊಕ್ಕಿನ ಹಕ್ಕಿ ನೋಡಿದ್ದೆ. ಇವೂ ಅದೇ ಬಳಗ, ಆದರೆ ಜಾತಿ ಬೇರೆ. ಅಮೆರಿಕ ಖಂಡಗಳಲ್ಲಿ ಮಾತ್ರ ಇರುವಂಥವು. ಬೋಳು ತಲೆ, ಕೆಂಪು ಕಣ್ಣು, ರೆಕ್ಕೆಯ ಮೇಲೆ ಕುಂಕುಮ ಚೆಲ್ಲಿದಂಥ ಪಟ್ಟಿ. ಕೊಕ್ಕನ್ನು ಅರೆ ತೆರೆದು, ಹುಳಿ ತಿರುವುವ ಸೌಟಿನ ಹಾಗೆ ನೀರಿನಲ್ಲಿ ಎಡಕ್ಕೂ ಬಲಕ್ಕೂ ಆಡಿಸುತ್ತಲೇ ಇರುತ್ತವೆ. ಸಿಗಡಿಯೋ ಮರಿಮೀನೋ ತಾಗಿದ ಕೂಡಲೇ ಕೊಕ್ಕು ಟಪ್ಪನೆ ಮುಚ್ಚುತ್ತದೆ.

ಅಳಿಯಂದಿರು ಕ್ಯಾಮೆರಾ ನನ್ನ ಕೈಗಿತ್ತರು. ಒತ್ತಿದ್ದೇ ಒತ್ತಿದ್ದು! ನೋಡಿದರೆ ಬರೀ ಗುಲಾಬಿ ಹೊಗೆ. "ಅದು ತಲೆ ಎತ್ತೋವರೆಗೂ ಕಾಯಬೇಕು ಅತ್ತೆ" ಅಂದರು.

ಕಾಯುವಾಗ ಅವರೇ ಹೇಳಿದ್ದು: ಹತ್ತೊಂಬತ್ತನೆಯ ಶತಮಾನದಲ್ಲಿ ಇವುಗಳ ರೆಕ್ಕೆಯಿಂದ ಬೀಸಣಿಗೆ ಮಾಡಿ ಮಾರುತ್ತಿದ್ದರಂತೆ. 1930ರ ದಶಕದ ಹೊತ್ತಿಗೆ ಫ್ಲಾರಿಡಾದಲ್ಲಿ ಗೂಡು ಕಟ್ಟುವ ಜೋಡಿಗಳು ಕೆಲವೇ ಕೆಲವು ಉಳಿದಿದ್ದವು. ಹೆಂಗಸರ ಶೋಕಿಯನ್ನು ಬೈಯಲು ಬಾಯಿ ತೆರೆದವಳು, ಪೆಟ್ಟಿಗೆಯಲ್ಲಿದ್ದ ನನ್ನ ರೇಷ್ಮೆ ಸೀರೆಗಳು ನೆನಪಾಗಿ ಸುಮ್ಮನಾದೆ. ಕಿತ್ತ ಗರಿಯ ಬಣ್ಣವೂ ಬೇಗ ಮಾಸುತ್ತಿತ್ತಂತೆ.

"ಅದ್ಯಾಕೆ ಅದೊಂದು ಅಷ್ಟು ಬಿಳಚಿಕೊಂಡಿದೆ?" ಎಂದು ಅಂಚಿನಲ್ಲಿದ್ದ ಹಕ್ಕಿಯನ್ನು ತೋರಿಸಿದೆ. ಎಳೆಯದಂತೆ. ತಿನ್ನುವ ಸಿಗಡಿ, ಏಡಿಗಳಲ್ಲಿರುವ ಬಣ್ಣವೇ ಗರಿಗೆ ಇಳಿಯಬೇಕು. ಪೂರ್ತಿ ರಂಗೇರಲು ಸುಮಾರು ಮೂರು ವರ್ಷ ಬೇಕು.

ನನಗೆ ಚುರುಕ್ಕೆಂದಿತು. ಮೂರು ವಾರ ಮಗುವನ್ನು ತಿದ್ದಿದ್ದೆನೇ ಹೊರತು ಒಂದು ಕಥೆ ಹೇಳಿರಲಿಲ್ಲ, ಒಂದು ಹಾಡು ಕಲಿಸಿರಲಿಲ್ಲ. ಉಣಿಸದೆ ಬಣ್ಣ ಎಲ್ಲಿಂದ ಬಂದೀತು?

"ಅಜ್ಜಿ, ಸ್ಪೂನ್!" ಅಂದಳು ಮೊಮ್ಮಗಳು, ಕೊಕ್ಕಿನತ್ತ ಬೆರಳು ಮಾಡಿ.

"ಅಷ್ಟು ದೊಡ್ಡದಕ್ಕೆ ಸೌಟು ಅಂತಾರೆ ಪುಟ್ಟಿ."

"ಸವ್ಟು" ಅಂದಳು.

ಮುಂದಿನ ಸೀಟಿನಲ್ಲಿದ್ದ ಮಗಳು ತಿರುಗಿದಳು. "ನಮ್ಮನೇಲಿ ಸೌಟೂ ಸ್ಪೂನೇ ಅಮ್ಮ" ಎಂದು ನಕ್ಕಳು. ನಾನೂ ನಕ್ಕೆ. ಅಷ್ಟರಲ್ಲಿ ಹಕ್ಕಿ ತಲೆ ಎತ್ತಿತ್ತಂತೆ. ಕ್ಯಾಮೆರಾ ನನ್ನ ಮಡಿಲಲ್ಲೇ ಇತ್ತು.

ಊರಿಗೆ ಮರಳಿದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಅವಳಿಗೊಂದು ಕಥೆ ಹೇಳುತ್ತೇನೆ. ಉತ್ತರ ಇನ್ನೂ ಇಂಗ್ಲಿಷಿನಲ್ಲೇ. ನಡುವೆ ಎಲ್ಲೋ ಒಂದೊಂದು ಕನ್ನಡದ ಮಾತು ತೆಳು ಗುಲಾಬಿಯಾಗಿ ಇಣುಕುತ್ತದೆ.