ಹಿತ್ತಲ ಗಿಡ ಮದ್ದಲ್ಲವೇ?



ದೂರದ ಬೆಟ್ಟ ನುಣ್ಣಗೆ, ಹಿತ್ತಲ ಗಿಡ ಮದ್ದಲ್ಲ. ಈ ಎರಡು ಗಾದೆಗಳನ್ನು ನಾವು ಪ್ರಬೋಧನೆಯಲ್ಲಿ ಎಷ್ಟೋ ಸಲ ಬಳಸಿದ್ದೇವೆ. ಆದರೆ ಅವು ನಮ್ಮ ಬಗ್ಗೆಯೇ ಹೇಳಿದ ಮಾತುಗಳೆಂದು ತಿಳಿಯಲು ಪೆರಿಯದ ಗುಡ್ಡ ಹತ್ತಬೇಕಾಯಿತು.

ಕೆಲವು ವರ್ಷಗಳ ಹಿಂದಿನ ಮಾತು. ಭಾನುವಾರದ ಪೂಜೆ ಮುಗಿದು ಜನರೆಲ್ಲ ಹೋದ ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ತಂದೆ ನಮ್ಮ ಬಳಿ ಬಂದರು. ತುಂಡು ಅಡಿಕೆ ತೋಟ, ಮನೆಯಲ್ಲಿ ಬೀಡಿ ಕಟ್ಟುವ ಹೆಂಡತಿ, ಓದುವ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಬಿ.ಎಸ್ಸಿ. ಮುಗಿಸಿದ್ದಳು. "ಫಾದರ್, ಪೆರಿಯದಲ್ಲಿ ಸೆಂಟ್ರಲ್ ಯೂನಿವರ್ಸಿಟಿ ಉಂಟಲ್ಲ, ಅದು ಹೇಗೆ? ಅಲ್ಲಿಗೆ ಕಳಿಸಬಹುದಾ?" ಎಂದು ಕೇಳಿದರು.

ನಾವು ಆ ಜಾಗವನ್ನು ಕಣ್ಣಿನಿಂದ ನೋಡಿರಲಿಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ. "ಗುಡ್ಡದ ಮೇಲೆ ನಾಲ್ಕು ಕಟ್ಟಡ ಕಟ್ಟಿದರೆ ಯೂನಿವರ್ಸಿಟಿ ಆಗುತ್ತದಾ? ಎಲ್ಲಿಯಾದರೂ ಹೆಸರಿರುವ ಕಡೆ ಕಳಿಸಿ" ಎಂದುಬಿಟ್ಟೆವು. ಗುರುಗಳ ಮಾತಲ್ಲವೇ! ಅವರು ಹೆಂಡತಿಯ ಚಿನ್ನ ಅಡವಿಟ್ಟು, ಬ್ಯಾಂಕ್ ಸಾಲವನ್ನೂ ಮಾಡಿ, ದೂರದ ಊರಿನ ಒಂದು ಖಾಸಗಿ ಸಂಸ್ಥೆಗೆ ಮಗಳನ್ನು ಸೇರಿಸಿದರು. ಜಾಹೀರಾತಿನಲ್ಲಿ ಅದಕ್ಕೆ ದೊಡ್ಡ ಹೆಸರು. ಒಳಗೆ ಹೋದರೆ ಪ್ರಯೋಗಾಲಯಕ್ಕೆ ಬೀಗ, ಪಾಠಕ್ಕೆ ತಿಂಗಳಿಗೊಬ್ಬ ಹೊಸ ಉಪನ್ಯಾಸಕ. ಹುಡುಗಿ ವರ್ಷ ಕಳೆಯುವುದರೊಳಗೆ ಮನೆಗೆ ಮರಳಿದಳು. ಸಾಲ ಮಾತ್ರ ಉಳಿಯಿತು.

ಕಳೆದ ವರ್ಷ ಎರಡನೆಯವಳು ಡಿಗ್ರಿಯ ಕೊನೆಯ ವರ್ಷಕ್ಕೆ ಬಂದಳು. ಈ ಬಾರಿ ತಂದೆ ನಮ್ಮಲ್ಲಿ ಏನನ್ನೂ ಕೇಳಲಿಲ್ಲ. ಆ ಮೌನ ನಮ್ಮನ್ನು ಚುಚ್ಚಿತು. ಒಂದು ಸಂಜೆ ನಾವೇ ಅವರ ಮನೆಗೆ ಹೋಗಿ, "ಅಂದು ನೋಡದೆ ಹೇಳಿದೆವು, ತಪ್ಪಾಯಿತು. ಈ ಸಲ ಒಟ್ಟಿಗೆ ಹೋಗಿ ನೋಡಿಬರುವ" ಎಂದೆವು. ಅವರು ಸ್ವಲ್ಪ ಹೊತ್ತು ಅಂಗಳ ನೋಡುತ್ತ ಕೂತರು. ಆಮೇಲೆ "ಆಯ್ತು ಫಾದರ್" ಎಂದರು. ಹೀಗೆ ತಂದೆ, ಮಗಳು, ಯುವಜನರ ಸಂಘದ ಮೂವರು ಮತ್ತು ನಾವು ಒಂದು ಬೆಳಿಗ್ಗೆ ಕುಂಬಳೆಯಿಂದ ಜೀಪಿನಲ್ಲಿ ಹೊರಟೆವು.

ಕಾಸರಗೋಡು ಪೇಟೆ ದಾಟಿದರೆ ವಿದ್ಯಾನಗರ. ಕೇಂದ್ರೀಯ ವಿಶ್ವವಿದ್ಯಾಲಯ ಹುಟ್ಟಿದ್ದು ಈ ಪರಿಸರದ ಬಾಡಿಗೆ ಕಟ್ಟಡದಲ್ಲಿ. ಸಂಸತ್ತು 2009ರಲ್ಲಿ ಮಾಡಿದ ಒಂದೇ ಕಾಯಿದೆಯಿಂದ ಹಲವು ರಾಜ್ಯಗಳಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳು ಸಿಕ್ಕಿದವು. ಕರ್ನಾಟಕದ್ದು ಕಲಬುರಗಿ ಜಿಲ್ಲೆಯ ಕಡಗಂಚಿಗೆ ಹೋಯಿತು, ಕೇರಳದ್ದು ನಮ್ಮ ಕಾಸರಗೋಡಿಗೆ ಬಂತು. ಇಲ್ಲಿನ ಮೊದಲ ಕುಲಪತಿ ಜಾನ್ಸಿ ಜೇಮ್ಸ್. ಅದಕ್ಕೂ ಮುನ್ನ ಕೋಟ್ಟಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದಲ್ಲಿ ಕೇರಳದ ಮೊದಲ ಮಹಿಳಾ ಕುಲಪತಿಯಾಗಿದ್ದವರು ಅವರು.

ಚೆರ್ಕಳ ಕಳೆದು ತೆಕ್ಕಿಲ್ ಸೇತುವೆಯಲ್ಲಿ ಚಂದ್ರಗಿರಿ ಹೊಳೆ ದಾಟಿದೆವು. ಹಿರಿಯರ ಲೆಕ್ಕದಲ್ಲಿ ತುಳುನಾಡಿನ ಎಲ್ಲೆ ಇದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಈ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತ್ತು. ಅದು ಜಾರಿಯಾಗಲಿಲ್ಲ. ಆದರೆ ನಮ್ಮ ಮನಸ್ಸಿನಲ್ಲಿ ಆ ಗೆರೆ ಹಾಗೆಯೇ ಉಳಿದಿದೆ. ಹೊಳೆಯ ಈಚೆಯವರಾದ ನಾವು ಓದಿಗೂ ಮದ್ದಿಗೂ ಮಂಗಳೂರಿನ ಕಡೆಗೇ ಮುಖ ಮಾಡುತ್ತೇವೆ. ಕೊಣಾಜೆ ನಮಗೆ ಹತ್ತಿರ, ಪೆರಿಯ ದೂರ ಎಂದು ಅನಿಸುವುದು ಕಿಲೋಮೀಟರಿನಿಂದಷ್ಟೇ ಅಲ್ಲ.

ಪೊಯಿನಾಚಿ ದಾಟಿ ಪೆರಿಯ ತಲುಪಿದಾಗ ಬಿಸಿಲು ಏರಿತ್ತು. ಕ್ಯಾಂಪಸ್ಸಿಗೆ ತೇಜಸ್ವಿನಿ ಹಿಲ್ಸ್ ಎಂದು ಹೆಸರು, ಜಿಲ್ಲೆಯ ದಕ್ಷಿಣದ ಹೊಳೆಯ ನೆನಪಿಗೆ. 310 ಎಕರೆ ಮುರಕಲ್ಲಿನ ಗುಡ್ಡ. ಚರ್ಚಿನ ಹಬ್ಬದ ಮೈದಾನವನ್ನೇ ದೊಡ್ಡದು ಎಂದುಕೊಂಡಿದ್ದ ನಮ್ಮ ಹುಡುಗರು ಬಾಯಿ ಬಿಟ್ಟು ನೋಡಿದರು. ನಾಲ್ಕು ಕಟ್ಟಡ ಎಂದು ಹಂಗಿಸಿದ್ದ ನಮಗೆ ತಲೆ ತಗ್ಗಿಸುವಂತಾಯಿತು. ಜೀವರಸಾಯನ, ಜೀನೋಮಿಕ್ ವಿಜ್ಞಾನ, ಭೂವಿಜ್ಞಾನ, ಭೌತಶಾಸ್ತ್ರ, ಅರ್ಥಶಾಸ್ತ್ರ, ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ, ಭಾಷಾಶಾಸ್ತ್ರ ಹೀಗೆ ಹಲವು ವಿಭಾಗಗಳು. ಅವುಗಳ ನಡುವೆ ಕನ್ನಡ ವಿಭಾಗವೂ ಇದೆ. ಪದವಿಯನ್ನೂ ಬಿ.ಎಡ್. ಅನ್ನೂ ಒಟ್ಟಿಗೆ ಕೊಡುವ ನಾಲ್ಕು ವರ್ಷಗಳ ಶಿಕ್ಷಕ ತರಬೇತಿಯೂ ಇದೆ.

ಆದರೆ ಹೊರಗಿನಿಂದ ನೋಡಿ ಮೆಚ್ಚುವುದು, ನೋಡದೆ ಹಳಿಯುವುದು, ಎರಡೂ ಒಂದೇ ಜಾತಿಯ ತಪ್ಪು. ಒಳಗಿರುವವರನ್ನು ಕೇಳಬೇಕು. ಗ್ರಂಥಾಲಯದ ಹೊರಗೆ ಮುಳ್ಳೇರಿಯ ಕಡೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಸಿಕ್ಕಿದಳು. ನಮ್ಮ ಕನ್ನಡ ಕೇಳಿ ತಾನಾಗಿಯೇ ಹತ್ತಿರ ಬಂದಳು. ತಂದೆ ಒಂದೊಂದಾಗಿ ಪ್ರಶ್ನೆ ಹಾಕಿದರು. ಶುಲ್ಕ ಎಷ್ಟು? ಹಾಸ್ಟೆಲು ಹೇಗೆ? ಲ್ಯಾಬಿನ ಬಾಗಿಲು ತೆರೆಯುತ್ತದಾ? ಈ ಕೊನೆಯ ಪ್ರಶ್ನೆಯನ್ನು ಅವರು ಯಾಕೆ ಕೇಳಿದರೆಂದು ನಮಗೆ ಮಾತ್ರ ಗೊತ್ತಿತ್ತು.

ಹುಡುಗಿ ಮುಚ್ಚುಮರೆಯಿಲ್ಲದೆ ಉತ್ತರಿಸಿದಳು. ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಶುಲ್ಕ ಬಹಳ ಕಡಿಮೆ. ಲ್ಯಾಬಿನಲ್ಲಿ ಎಷ್ಟು ಹೊತ್ತು ಬೇಕಾದರೂ ದುಡಿಯಬಹುದು, ದುಡಿಯುವ ಮನಸ್ಸಿರಬೇಕು. ಮುಂದೆ ಸಂಶೋಧನೆಗೆ ಹೋಗುವವರಿಗೆ ಒಳ್ಳೆಯ ಜಾಗ. ಓದು ಮುಗಿದ ತಕ್ಷಣ ಕೆಲಸ ಬೇಕೆನ್ನುವವರು ವಿಷಯ ನೋಡಿಕೊಂಡು ಸೇರಬೇಕು. ಇಷ್ಟು ಹೇಳಿ ಕೊನೆಗೆ ಅವಳೆಂದಳು: "ಫಾದರ್, ಇಲ್ಲಿಗೆ ಒಡಿಶಾದವರು ಬಂದು ಓದುತ್ತಾರೆ. ಬದಿಯಡ್ಕದವರಿಗೆ ದಾರಿ ಗೊತ್ತಿಲ್ಲ."

ದಾರಿ ಗೊತ್ತಿಲ್ಲದಿರಲು ಒಂದು ಕಾರಣವನ್ನೂ ಅವಳೇ ವಿವರಿಸಿದಳು. ಸ್ನಾತಕೋತ್ತರ ಪ್ರವೇಶಕ್ಕೆ 2022ರಿಂದ ದೇಶಕ್ಕೆಲ್ಲ ಸಾಮಾನ್ಯವಾದ 'ಸಿಯುಇಟಿ-ಪಿಜಿ' ಎಂಬ ಪರೀಕ್ಷೆ ಬಂದಿದೆ. ಅದರ ಅರ್ಜಿ ಡಿಸೆಂಬರ್, ಜನವರಿಯ ಹೊತ್ತಿಗೇ ಕರೆಯುತ್ತಾರೆ. ಪರೀಕ್ಷೆ ಮಾರ್ಚಿನಲ್ಲಿ. ನಮ್ಮ ಮನೆಗಳಲ್ಲಿ ಮುಂದಿನ ಓದಿನ ಮಾತು ಶುರುವಾಗುವುದು ಡಿಗ್ರಿ ಪರೀಕ್ಷೆ ಮುಗಿದ ಮೇಲೆ, ಮೇ ತಿಂಗಳಲ್ಲಿ. ಅಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಆಮೇಲೆ ತೆರೆದಿರುವುದು ಹೆಚ್ಚಾಗಿ ದುಬಾರಿ ಬಾಗಿಲುಗಳೇ.

ಹಾಗಾದರೆ ಈ ವಿಶ್ವವಿದ್ಯಾಲಯ ತನ್ನ ಹೆಸರಿಗೆ ತಕ್ಕಂತಿದೆಯೇ? ಹೆಸರನ್ನು ಅಳೆಯುವವರು ಇದ್ದಾರೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್ ಸಂಸ್ಥೆ ಪೆರಿಯಕ್ಕೆ ಮೊದಲು ಬಿ++, ಆಮೇಲೆ ಎ ದರ್ಜೆ ಕೊಟ್ಟಿದೆ. ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಎಂಬ ಶ್ರೇಯಾಂಕ ಪಟ್ಟಿಯೂ 2016ರಿಂದ ಬರುತ್ತಿದೆ. ಅದರಲ್ಲಿ ವಿಶ್ವವಿದ್ಯಾಲಯಗಳಿಗೆ 100 ಅಂಕ ಹಂಚಿದ ರೀತಿ ಗಮನಿಸಿ: ಬೋಧನೆ ಮತ್ತು ಸೌಕರ್ಯಕ್ಕೆ 30, ಸಂಶೋಧನೆಗೆ 30, ಓದಿ ಹೊರಬಂದವರ ಸಾಧನೆಗೆ 20, ಎಲ್ಲ ವರ್ಗದವರನ್ನು ಒಳಗೊಳ್ಳುವುದಕ್ಕೆ 10. ಜನರ ಅಭಿಪ್ರಾಯಕ್ಕೆ, ಅಂದರೆ ನಾವು 'ಹೆಸರು' ಎನ್ನುತ್ತೇವಲ್ಲ ಅದಕ್ಕೆ, ಉಳಿದ 10 ಮಾತ್ರ. ಪಟ್ಟಿ ಮಾಡುವವರೇ ಹೆಸರಿಗೆ 10 ಅಂಕ ಕೊಟ್ಟರೆ ನಾವು ನೂರಕ್ಕೆ ನೂರು ಕೊಟ್ಟು ಚಿನ್ನ ಅಡವಿಡುತ್ತೇವೆ!

ಪಟ್ಟಿಗಳಲ್ಲಿ ಕಾಣದ ಒಂದು ಅಂಕವೂ ಇದೆ. ನೆರೆಯವರಿಗೆ ಕಷ್ಟ ಬಂದಾಗ ಏನು ಮಾಡಿತು ಎಂಬುದು. 2020ರ ಮಾರ್ಚ್ ಕೊನೆಯನ್ನು ಯಾರು ಮರೆತಾರು? ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಮಂಜೇಶ್ವರದ ಕಡೆಯ ರೋಗಿಗಳು ಪ್ರಾಣ ಬಿಟ್ಟರು. ನಾವು ಜೀವಮಾನವಿಡೀ ಮುಖ ಮಾಡಿದ್ದ ದಿಕ್ಕು ಒಂದೇ ರಾತ್ರಿಯಲ್ಲಿ ಬಂದ್ ಆಯಿತು. ಅದೇ ದಿನಗಳಲ್ಲಿ ಪೆರಿಯದ ಈ ಗುಡ್ಡದ ಪ್ರಯೋಗಾಲಯ ಐ.ಸಿ.ಎಂ.ಆರ್. ಅನುಮತಿ ಪಡೆದು ನಮ್ಮ ಜಿಲ್ಲೆಯ ಜನರ ಗಂಟಲ ದ್ರವದ ಮಾದರಿಗಳನ್ನು ಪರೀಕ್ಷಿಸತೊಡಗಿತು. ಅಧ್ಯಾಪಕರೂ ಸಂಶೋಧಕರೂ ಆ ಕೆಲಸಕ್ಕೆ ನಿಂತರು. ನಾವು ಹಂಗಿಸಿದ್ದ ಹಿತ್ತಲ ಗಿಡವೇ ಅಂದು ಮದ್ದಿನ ಕೆಲಸಕ್ಕೆ ಬಂತು.

ಹಾಗೆಂದು ಕೊರತೆಗಳನ್ನು ಮುಚ್ಚಿಡಬಾರದು. ಈ ವಿಶ್ವವಿದ್ಯಾಲಯದ ಜೊತೆ ವೈದ್ಯಕೀಯ ಕಾಲೇಜೂ ಬರುತ್ತದೆಂದು ಜಿಲ್ಲೆ ಆಸೆಯಿಂದ ಕಾದಿತ್ತು, ಅದಕ್ಕಾಗಿ ಹೋರಾಟವೂ ನಡೆಯಿತು. ಅದು ಕೈಗೂಡಲಿಲ್ಲ. 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು ನೊಂದ ಪಂಚಾಯತುಗಳಲ್ಲಿ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳ ಜೊತೆಗೆ ಈ ಪುಲ್ಲೂರು-ಪೆರಿಯವೂ ಒಂದು. ಹಾಸಿಗೆ ಹಿಡಿದ ಮಕ್ಕಳ ಮನೆಗಳ ನಡುವೆ ಎದ್ದುನಿಂತ ವಿದ್ಯಾಲಯದಿಂದ ಆ ಮನೆಗಳವರು ಹೆಚ್ಚಿನದನ್ನು ನಿರೀಕ್ಷಿಸುವುದು ನ್ಯಾಯವೇ. ಆ ನಿರೀಕ್ಷೆ ತೀರುವವರೆಗೂ ನಮ್ಮ ಅಂಕಪಟ್ಟಿಯಲ್ಲಿ ಒಂದು ಜಾಗ ಖಾಲಿ ಇರಲಿ.

ಸೆಮಿನರಿಯಲ್ಲಿ ನಾವು ಕಾರ್ಡಿನಲ್ ನ್ಯೂಮನ್ನರ ಬಗ್ಗೆ ಓದಿದ್ದು ಹಿಂದಿರುಗುವಾಗ ನೆನಪಾಯಿತು. ಅವರು 1854ರಲ್ಲಿ ಡಬ್ಲಿನ್ನಿನಲ್ಲಿ ಕಥೋಲಿಕ ವಿಶ್ವವಿದ್ಯಾಲಯ ಆರಂಭಿಸಿದಾಗ ಅದಕ್ಕೆ ಆಕ್ಸ್‌ಫರ್ಡಿನ ಹೆಸರಿರಲಿಲ್ಲ, ಬೇಕಾದಷ್ಟು ಮಕ್ಕಳೂ ಬರಲಿಲ್ಲ. ನಾಲ್ಕು ವರ್ಷಗಳಲ್ಲಿ ಅವರು ಅಲ್ಲಿಂದ ಬಿಟ್ಟುಬಂದರು. ಆದರೆ ಅದೇ ಬೇರಿನಿಂದ ಇಂದಿನ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ ಬೆಳೆಯಿತು. 2019ರಲ್ಲಿ ಸಂತರಾದ ನ್ಯೂಮನ್ನರನ್ನು 2025ರ ನವೆಂಬರ್ 1ರಂದು ಪೋಪ್ ಹದಿನಾಲ್ಕನೇ ಲಿಯೋ ಧರ್ಮಸಭೆಯ ಪಂಡಿತರೆಂದು ಸಾರಿದರು. ವಿದ್ಯಾಲಯದ ಹೆಸರು ಅಡಿಕೆ ಸಸಿಯಂತೆ. ನೆಟ್ಟ ವರ್ಷವೇ ಗೊನೆ ಕೇಳಬಾರದು, ನೀರು ಹಾಕದೆ ಬೈಯಲೂ ಬಾರದು. ನಮ್ಮ ಮಕ್ಕಳು ಹೋಗಿ ಕಲಿತರೆ ಪೆರಿಯದ ಹೆಸರಿನಲ್ಲಿ ನಮಗೂ ಒಂದು ಪಾಲು.

ಪ್ರಿಯ ಹೆತ್ತವರೇ, ಪೆರಿಯಕ್ಕೇ ಕಳಿಸಿ ಎಂದು ಇಲ್ಲಿ ಹೇಳುತ್ತಿಲ್ಲ. ಒಮ್ಮೆ ಹಾಗೆ ಅಪ್ಪಣೆ ಕೊಟ್ಟು ನಾವು ಪಾಠ ಕಲಿತಿದ್ದೇವೆ. ಎಲ್ಲಿಗೇ ಕಳಿಸಿ, ಮೊದಲು ಹೋಗಿ ನೋಡಿ. ಯು.ಜಿ.ಸಿ. ಮಾನ್ಯತೆ ಇದೆಯೇ, ಖಾಯಂ ಅಧ್ಯಾಪಕರು ಎಷ್ಟು, ಪ್ರಯೋಗಾಲಯ ತೆರೆದಿದೆಯೇ, ಕಳೆದ ವರ್ಷ ಓದಿ ಹೋದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಕಚೇರಿಯಲ್ಲಿ ಕೇಳಿದ್ದನ್ನೇ ಕ್ಯಾಂಟೀನಿನಲ್ಲಿ ಕೂತ ಮಕ್ಕಳಲ್ಲೂ ಕೇಳಿ. ನಮ್ಮ ಚರ್ಚಿನ ಸೂಚನಾ ಫಲಕದಲ್ಲಿ ಇನ್ನು ಮುಂದೆ ಡಿಸೆಂಬರ್ ತಿಂಗಳಲ್ಲಿ ಗೋದಲಿ ಸ್ಪರ್ಧೆಯ ನಿಯಮಗಳ ಪಕ್ಕದಲ್ಲೇ ಪ್ರವೇಶ ಪರೀಕ್ಷೆಯ ದಿನಾಂಕಗಳೂ ಇರುತ್ತವೆ. ಅರ್ಜಿ ತುಂಬಲು ಯುವಜನರ ಸಂಘದವರು ಭಾನುವಾರ ಪೂಜೆಯ ನಂತರ ಕಂಪ್ಯೂಟರ್ ಹಿಡಿದು ಕೂರುತ್ತಾರೆ.

ಆ ದಿನ ಸಂಜೆ ಕುಂಬಳೆಗೆ ಮರಳುವಾಗ ತಂದೆ ದಾರಿಯುದ್ದಕ್ಕೂ ಹೆಚ್ಚು ಮಾತಾಡಲಿಲ್ಲ. ಚಂದ್ರಗಿರಿ ಸೇತುವೆ ಬಂದಾಗ ಮಗಳ ಕಡೆ ತಿರುಗಿ, "ನಿನಗೆ ಹೇಗೆ ಕಂಡಿತು?" ಎಂದು ಕೇಳಿದರು. ಅವಳು, "ಅರ್ಜಿ ಹಾಕ್ತೇನೆ ಅಪ್ಪಾ, ಸಿಕ್ಕಿದರೆ ಅಕ್ಕನನ್ನೂ ಒಮ್ಮೆ ಕರೆದುಕೊಂಡು ಬಂದು ಲ್ಯಾಬ್ ತೋರಿಸ್ತೇನೆ" ಎಂದಳು.

ಹಿರಿಯಳಿಗೆ ನಾವು ಕೊಡಬೇಕಾದ ಉತ್ತರ ಇನ್ನೂ ಬಾಕಿಯಿದೆ. ಮುಂದಿನ ಅರ್ಜಿ ಕರೆಯುವಾಗ ಅವಳ ಮನೆಯ ಬಾಗಿಲನ್ನೂ ತಟ್ಟುತ್ತೇವೆ.