ನೀನು, ನೀವು ಮತ್ತು ಸ್ಟಾಕ್‌ಹೋಮ್

ಕನ್ನಡದಲ್ಲಿ ಯಾರ ಜತೆಗಾದರೂ ಒಂದು ವಾಕ್ಯ ಮಾತಾಡಬೇಕಾದರೆ ಮೊದಲು ಒಂದು ತೀರ್ಮಾನ ಆಗಬೇಕು: ಇವರು ನಮಗೆ ‘ನೀನೋ’, ‘ನೀವೋ’? ವಯಸ್ಸು, ಜಾತಿ, ಜಮೀನು, ನೌಕರಿ, ಹಾಕಿರೋ ಅಂಗಿ ಎಲ್ಲವನ್ನೂ ಕೂಡಿ ಕಳೆದು ಅರೆಕ್ಷಣದಲ್ಲಿ ಬಾಯಿಗೆ ಉತ್ತರ ಬಂದುಬಿಡುತ್ತೆ. ಹುಟ್ಟಿದಾಗಿನಿಂದ ಅಭ್ಯಾಸವಾದ್ದರಿಂದ ಲೆಕ್ಕ ಹಾಕ್ತಿದೀವಿ ಅನ್ನೋದೇ ಗೊತ್ತಾಗಲ್ಲ. ನನಗೂ ಗೊತ್ತಾಗಿರಲಿಲ್ಲ, 2012ರ ಆಗಸ್ಟ್ ಕೊನೆಯಲ್ಲಿ ಸ್ಟಾಕ್‌ಹೋಮಿನ ಕೆ.ಟಿ.ಎಚ್.ಗೆ ಒಂದು ಸೆಮಿಸ್ಟರ್ ಓದೋಕೆ ಹೋಗುವವರೆಗೆ.

ಹೋಗಿದ್ದು ಎಕ್ಸ್‌ಚೇಂಜ್ ಮೇಲೆ. ಹೆಸರಿಗೆ ತಕ್ಕ ಹಾಗೆ ಅದಲುಬದಲು: ಇಲ್ಲಿಯ ವಿದ್ಯಾರ್ಥಿ ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ, ಫೀಸು ಮಾತ್ರ ಅವರವರ ಕಾಲೇಜಿಗೇ. ಇದು ಸಣ್ಣ ವಿಷಯವಲ್ಲ. ಯುರೋಪಿನ ಹೊರಗಿನಿಂದ ಬರುವವರಿಗೆ ಸ್ವೀಡನ್ 2011ರಿಂದ ಟ್ಯೂಷನ್ ಫೀಸು ಶುರು ಮಾಡಿತ್ತು. ಅದನ್ನ ಕಟ್ಟಲೇಬೇಕು ಅಂದಿದ್ದರೆ ಅಪ್ಪ ಹೊಲ ಮಾರಬೇಕಿತ್ತು. ಎಕ್ಸ್‌ಚೇಂಜ್‌ನವರಿಗೆ ಅದು ಇಲ್ಲ. ಊಟ, ರೂಮಿನ ಖರ್ಚಿಗೆ ಸ್ಕಾಲರ್‌ಶಿಪ್ ಬಂತು. ಹಾಗಾಗಿ ಹೋದೆ.

1827ರಲ್ಲಿ ಶುರುವಾದ ಸಂಸ್ಥೆ ಅದು. ಕೆಂಪು ಇಟ್ಟಿಗೆಯ ಕಟ್ಟಡಗಳು. ಸೆಮಿಸ್ಟರನ್ನ ಎರಡು ಪಾಲು ಮಾಡಿ, ಒಂದೊಂದರಲ್ಲಿ ಎರಡೇ ಕೋರ್ಸು ಕಲಿಸ್ತಾರೆ. ಒಂದು ಕೋರ್ಸು ಸಾಮಾನ್ಯವಾಗಿ 7.5 ಕ್ರೆಡಿಟ್, ಅಂದರೆ ಅವರ ಲೆಕ್ಕದಲ್ಲಿ ಸುಮಾರು 200 ಗಂಟೆಯ ಕೆಲಸ. ವೇಳಾಪಟ್ಟಿಯಲ್ಲಿ 10 ಅಂತಿದ್ದರೆ ಪಾಠ ಶುರುವಾಗೋದು 10:15ಕ್ಕೆ. ಆ ಕಾಲು ಗಂಟೆ ಹಳೇ ಸಂಪ್ರದಾಯ. ಇದಕ್ಕೆಲ್ಲ ಒಂದು ವಾರದಲ್ಲಿ ಹೊಂದಿಕೊಂಡೆ. ಹೊಂದಿಕೊಳ್ಳೋಕೆ ಆಗದೇ ಇದ್ದದ್ದು ಒಂದೇ: ಪ್ರೊಫೆಸರನ್ನ ಹೆಸರು ಹಿಡಿದು ಕರೆಯೋದು.

ಮೊದಲ ಕ್ಲಾಸಲ್ಲೇ ಅವರು ಬೋರ್ಡಿನ ಮೇಲೆ ಬರೆದಿದ್ದು ಹೆಸರು ಮಾತ್ರ. ಡಾಕ್ಟರ್ ಇಲ್ಲ, ಪ್ರೊಫೆಸರ್ ಇಲ್ಲ. ತಲೆ ಬೆಳ್ಳಗಾದ, ನಾವು ಓದ್ತಿದ್ದ ವಿಷಯದಲ್ಲೇ ಪುಸ್ತಕ ಬರೆದ ಮನುಷ್ಯ. ನಮ್ಮೂರಲ್ಲಿ ಮೇಷ್ಟ್ರ ಹೆಸರು ಮೇಷ್ಟ್ರ ಹೆಂಡತಿಯೂ ಹೇಳ್ತಿರಲಿಲ್ಲ. ಅವರಿಗೆ ಮೇಲ್ ಬರೆಯೋಕೆ ಕೂತರೆ ಮೊದಲ ಪದಕ್ಕೇ ಅರ್ಧ ಸಂಜೆ ಹೋಯ್ತು. ಕೊನೆಗೆ ಯಾವ ಸಂಬೋಧನೆಯೂ ಇಲ್ಲದೆ, ನೇರವಾಗಿ ಡೌಟನ್ನೇ ಕೇಳಿ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: ಮೇಲೆ ನನ್ನ ಹೆಸರು, ಕೆಳಗೆ ಅವರ ಹೆಸರು, ಅಷ್ಟೇ.

ಆಮೇಲೆ ಗೊತ್ತಾಗಿದ್ದೇನಂದ್ರೆ, ಸ್ವೀಡನ್ನಿನವರೂ ಹುಟ್ಟುತ್ತಲೇ ಹೀಗಿರಲಿಲ್ಲ. ಅವರ ಭಾಷೆಯಲ್ಲೂ ಏಕವಚನಕ್ಕೆ ‘ಡು’, ಬಹುವಚನಕ್ಕೆ ‘ನಿ’ ಇದೆ. ಹಿಂದೆ ದೊಡ್ಡವರನ್ನ ‘ನಿ’ ಅಂದರೂ ಸಾಲುತ್ತಿರಲಿಲ್ಲವಂತೆ. ಹುದ್ದೆಯ ಹೆಸರು ಹೇಳಿ, ಎದುರಿಗೇ ಕೂತವರನ್ನ ‘ಡೈರೆಕ್ಟರ್‌ಗೆ ಕಾಫಿ ಬೇಕಾ?’ ಅಂತ ಕೇಳಬೇಕಿತ್ತು. ನಮ್ಮ ಕಡೆ ‘ಧಣೀರು ಊಟ ಮಾಡಿದ್ರಾ?’ ಅಂತಿದ್ರಲ್ಲ, ಹಾಗೆ. 1967ರಲ್ಲಿ ಬ್ರೋರ್ ರೆಕ್ಸೆದ್ ಅನ್ನುವವರು ಅಲ್ಲಿನ ವೈದ್ಯಕೀಯ ಆಡಳಿತ ಮಂಡಳಿಯ ಮುಖ್ಯಸ್ಥರಾಗಿ ಬಂದಾಗ, ಸಿಬ್ಬಂದಿಯನ್ನೆಲ್ಲ ಹೆಸರು ಹಿಡಿದೇ ಕರೀತೀನಿ ಅಂತ ಹೇಳಿಬಿಟ್ಟರು. ಬದಲಾವಣೆ ಆಗಲೇ ಅಲ್ಲಲ್ಲಿ ಶುರುವಾಗಿತ್ತು, ಇವರ ಹೆಸರು ಅದಕ್ಕೆ ಅಂಟಿಕೊಂಡಿತು. ಕೆಲವೇ ವರ್ಷದಲ್ಲಿ ದೇಶಕ್ಕೆ ದೇಶವೇ ‘ಡು’ ಅನ್ನೋಕೆ ಶುರು ಮಾಡಿತು.

ಬರೀ ಹೆಸರು ಕರೆದಿದ್ದರೆ ಅದೊಂದು ಫ್ಯಾಷನ್ ಅಂತ ಬಿಟ್ಟುಬಿಡ್ತಿದ್ದೆ. ಆದರೆ ಅದರ ಹಿಂದೆ ಬೇರೆ ಏನೇನೋ ಇತ್ತು. ಯೂನಿವರ್ಸಿಟಿಯ ಆಡಳಿತ ಮಂಡಳಿಯಲ್ಲಿ ವಿದ್ಯಾರ್ಥಿಗಳಿಗೆ ಮೂರು ಸ್ಥಾನ ಕಾನೂನಿನ ಪ್ರಕಾರವೇ ಇದೆ. ಕೋರ್ಸು ಮುಗಿದ ಮೇಲೆ ಹೇಗಿತ್ತು ಅಂತ ವಿದ್ಯಾರ್ಥಿಗಳನ್ನ ಕೇಳಲೇಬೇಕು, ಬಂದ ಉತ್ತರವನ್ನ ತಿಳಿಸಲೂಬೇಕು. ಸರ್ಕಾರಿ ಕಾಗದಗಳನ್ನ ಯಾರು ಬೇಕಾದರೂ ಕೇಳಿ ನೋಡಬಹುದು ಅನ್ನೋ ನಿಯಮ ಅವರಲ್ಲಿ 1766ರಿಂದ ಇದೆ. ಒಂದು ದಿನ ನನ್ನ ಪಕ್ಕ ಕೂತಿದ್ದ ಹುಡುಗಿ, ಬೋರ್ಡಿನ ಮೇಲಿದ್ದ ಪ್ರೂಫ್‌ನಲ್ಲಿ ಒಂದು ಕಂಡೀಷನ್ ಬಿಟ್ಟುಹೋಗಿದೆ ಅಂದಳು. ಪ್ರೊಫೆಸರ್ ತಿರುಗಿ ಒಂದು ನಿಮಿಷ ನೋಡಿ, ಹೌದು ಅಂತ ಒರೆಸಿ ಮತ್ತೆ ಬರೆದರು. ಯಾರ ಮುಖವೂ ಸಪ್ಪಗಾಗಲಿಲ್ಲ. ಅವತ್ತು ಅನ್ನಿಸಿತು, ಈ ‘ಡು’ ಇರೋದು ಇದಕ್ಕೇ: ತಪ್ಪು ಕಂಡವರು ಅದನ್ನ ಬಾಯಿಬಿಟ್ಟು ಹೇಳೋಕೆ.

ಹಾಗಂತ ಅಲ್ಲಿ ಎಲ್ಲ ಸ್ವರ್ಗ ಅಂತಲ್ಲ. ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಹಾಸ್ಟೆಲ್ ಕಾರಿಡಾರಿನಲ್ಲಿ ಎದುರಾದವರು ‘ಹೇಯ್’ ಅಂದು ರೂಮಿನ ಬಾಗಿಲು ಹಾಕಿಕೊಂಡರೆ ಮುಗೀತು. ಬಟ್ಟೆ ಒಗೆಯೋ ಕೋಣೆಗೆ ಹೆಸರು ಬರೆಸಿ ಪಾಳಿ ಹಿಡಿಯಬೇಕು, ಅಲ್ಲೂ ಒಬ್ಬರೇ. ನನ್ನನ್ನ ಸಮಾನ ಅಂದುಕೊಂಡ ಪ್ರೊಫೆಸರ್ ನಾನು ಊಟ ಮಾಡಿದ್ನಾ ಅಂತ ಒಂದು ದಿನವೂ ಕೇಳಲಿಲ್ಲ. ನಾನು ತಲೆಯೆತ್ತಿ ನೋಡಲೂ ಹೆದರುತ್ತಿದ್ದ ನಮ್ಮೂರ ಮೇಷ್ಟ್ರು, ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಲ್ಲಿ ನಮ್ಮ ನಾಲ್ಕು ಜನಕ್ಕೆ ಅವರ ಮನೆಯಲ್ಲೇ ಮುದ್ದೆ ಇಕ್ಕಿ, ರಾತ್ರಿ ಹನ್ನೊಂದರವರೆಗೆ ಲೆಕ್ಕ ಹೇಳಿಕೊಟ್ಟವರು. ಅವರು ‘ಲೋ’ ಅಂತಿದ್ದರು, ಆ ‘ಲೋ’ನಲ್ಲಿ ಅಕ್ಕರೆಯಿತ್ತು. ಕನ್ನಡದ ‘ನೀನು’ ಒಂದೇ ಪದವಲ್ಲ, ಎರಡು. ಒಂದು ಹತ್ತಿರದವರಿಗೆ, ಇನ್ನೊಂದು ಕೆಳಗಿನವರಿಗೆ.

ಆ ಎರಡನೆಯದು ಏನು ಮಾಡುತ್ತೆ ಅಂತ ನೋಡಿದ್ದು ಮೂರು ವರ್ಷದ ಹಿಂದೆ, ಅಪ್ಪನ ಜತೆ ಪಹಣಿ ತಿದ್ದಿಸೋಕೆ ಒಂದು ಕಚೇರಿಗೆ ಹೋದಾಗ. ಅಪ್ಪನಿಗೆ ಅರವತ್ತೆಂಟು. ಕೌಂಟರಿನಲ್ಲಿದ್ದವರಿಗೆ ನನ್ನ ವಯಸ್ಸೇ ಇರಬೇಕು. ‘ಏನಯ್ಯಾ, ಸೋಮವಾರ ಬಾ ಅಂದಿರ್ಲಿಲ್ವಾ ನಿಂಗೆ?’ ಅಂದರು. ಹಿಂದಿದ್ದ ನನ್ನನ್ನ, ನನ್ನ ಲ್ಯಾಪ್‌ಟಾಪ್ ಬ್ಯಾಗನ್ನ ನೋಡಿದ ತಕ್ಷಣ ‘ಹೇಳಿ ಸಾರ್, ಕೂತ್ಕೊಳ್ಳಿ.’ ‘ಇವರು ನನ್ನ ತಂದೆ, ಅವರಿಗೂ ಕುರ್ಚಿ ಬೇಕು’ ಅಂದೆ. ಕುರ್ಚಿ ಬಂತು. ‘ನೀವು’ ಕೂಡ ಬಂತು. ಅಪ್ಪನ ಕೆಲಸ ಹದಿನೈದು ನಿಮಿಷಕ್ಕೆ ಆಯ್ತು. ಅವರ ಹಿಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ ಅಜ್ಜನಿಗೆ ಮತ್ತೆ ‘ಏನಯ್ಯಾ’ ಶುರುವಾಯ್ತು. ಅಪ್ಪನಿಗೆ ಸಿಕ್ಕಿದ್ದು ಅಪ್ಪನ ಮರ್ಯಾದೆ ಅಲ್ಲ, ನನ್ನ ಅಂಗಿಗೆ ಸಿಕ್ಕ ಮರ್ಯಾದೆಯ ಚಿಲ್ಲರೆ. ಹೊರಗೆ ಬಂದ ಮೇಲೆ ಅಪ್ಪ, ‘ಬುಡು ಮಗ, ಅವ್ರೆಲ್ಲಾ ಹಂಗೇಯ’ ಅಂದರು. ಅರವತ್ತೆಂಟು ವರ್ಷ ‘ಬುಡು’ ಅಂದುಕೊಂಡೇ ಬಂದವರು.

ಬೆಂಗಳೂರಿನ ನಮ್ಮ ಆಫೀಸುಗಳಲ್ಲಿ ಈಗ ಎಲ್ಲರೂ ಹೆಸರು ಹಿಡಿದೇ ಕರೀತೀವಿ. ವೈಸ್ ಪ್ರೆಸಿಡೆಂಟಿಗೂ ‘ಹಾಯ್’ ಅಂದು ಹೆಸರು. ಆದರೆ ರಿಲೀಸ್ ಡೇಟು ತಪ್ಪು ಅಂತ ಗೊತ್ತಿದ್ದೂ ಮೀಟಿಂಗಿನಲ್ಲಿ ಹನ್ನೆರಡು ಜನ ಸುಮ್ಮನೆ ಕೂತಿರ್ತೀವಿ. ಅದೇ ಹನ್ನೆರಡು ಜನ ಲಿಫ್ಟಿನಿಂದ ಕೆಳಗಿಳಿದು, ಐವತ್ತೈದು ದಾಟಿದ ಸೆಕ್ಯುರಿಟಿಯವರಿಗೆ ‘ಗೇಟ್ ತೆಗಿಯಪ್ಪಾ’ ಅಂತೀವಿ. ಹೆಸರು ಕರೆಯೋದನ್ನ ಇಂಗ್ಲಿಷಿನಲ್ಲಿ ಕಲಿತ್ವಿ, ಕನ್ನಡದ ಲೆಕ್ಕ ಹಾಗೇ ಉಳೀತು.

ಸ್ವೀಡನ್ನಿನವರು ಎಲ್ಲರನ್ನೂ ‘ನೀನು’ಗೆ ಇಳಿಸಿ ಸಮ ಮಾಡಿಕೊಂಡರು. ನಮಗೆ ಆ ದಾರಿ ಆಗಿಬರಲ್ಲ, ಇಲ್ಲಿ ‘ನೀನು’ ಅನ್ನಿಸಿಕೊಂಡೇ ಸವೆದವರು ಬಹಳ ಜನ ಇದ್ದಾರೆ. ಎಲ್ಲರನ್ನೂ ‘ನೀವು’ಗೆ ಏರಿಸೋದೇ ನಮಗಿರೋ ದಾರಿ ಅನ್ಸುತ್ತೆ. ಪಾರ್ಸೆಲ್ ತರುವ ಹುಡುಗನಿಗೂ, ಮನೆಗೆಲಸಕ್ಕೆ ಬರುವವರಿಗೂ, ಆಟೋದವರಿಗೂ. ಅಮ್ಮನಿಗೆ ಬೇಡ, ಅಮ್ಮ ‘ನೀನು’ ಆಗಿಯೇ ಇರಲಿ, ಅದು ಆ ಮೊದಲನೇ ‘ನೀನು’.

ನಮ್ಮ ಗೇಟಿನ ಸೆಕ್ಯುರಿಟಿಯವರಿಗೆ ಇದು ಇನ್ನೂ ಸರಿಹೋಗಿಲ್ಲ. ‘ನೀವು ಅನ್ಬೇಡಿ ಸಾರ್, ಒಂಥರಾ ಆಗುತ್ತೆ’ ಅಂತಾರೆ. ಹಾಗಾದ್ರೆ ನೀವೂ ಸಾರ್ ಬಿಡಿ, ಹೆಸರು ಹಿಡಿದು ಕರೀರಿ ಅಂದೆ. ನಕ್ಕುಬಿಟ್ಟರು. ಮೊನ್ನೆ ಬೆಳಗ್ಗೆ ಮಾತ್ರ, ಪಾರ್ಕಿಂಗಿನಲ್ಲಿ ನನ್ನ ಗಾಡಿ ಅಡ್ಡ ನಿಂತಿದೆ, ಸ್ವಲ್ಪ ಸರಿಸಿ ಅಂತ ಅವರಾಗೇ ಬಂದು ಹೇಳಿದರು. ‘ಸಾರ್’ ಇತ್ತು, ಆದರೆ ಹೇಳಿದರು.