ಬೆಂಕಿ ಆರಿದ ಮೇಲೆ

ಜ್ವಾಲಾಮುಖಿ ದ್ವೀಪ ಎಂದ ಕೂಡಲೇ ಕಣ್ಣೆದುರು ಬರುವುದು ಹೊಗೆ, ಬೂದಿ, ಕೆಂಪಗೆ ಹರಿಯುವ ಲಾವಾ. ಸ್ಪೇನ್ ದೇಶದ ಕ್ಯಾನರಿ ದ್ವೀಪಗಳಿಗೆ ಹೋಗುವವರಲ್ಲಿ ಬಹಳ ಮಂದಿ ಈ ಬೆಂಕಿಯ ಗುರುತನ್ನೇ ಹುಡುಕಿಕೊಂಡು ಹೋಗುತ್ತಾರೆ. ಟೆನೆರಿಫೆ ದ್ವೀಪದಲ್ಲಿ 3,715 ಮೀಟರ್ ಎತ್ತರದ ಟೇಯ್ದೆ ಶಿಖರವಿದೆ. ಲಾ ಪಾಲ್ಮಾದಲ್ಲಿ 2021ರಲ್ಲಿ ಬಾಯ್ತೆರೆದ ಬೆಟ್ಟ ಮನೆಗಳನ್ನೂ ಬಾಳೆತೋಟಗಳನ್ನೂ ನುಂಗಿಹಾಕಿತು. ಇವುಗಳ ನೆರೆಯಲ್ಲೇ ಇರುವ ಲಾ ಗೊಮೇರಾದಲ್ಲಿ ಮಾತ್ರ ಬೆಂಕಿ ಆರಿ 20 ಲಕ್ಷ ವರ್ಷಗಳಾದರೂ ಕಳೆದಿವೆ. ಕ್ಯಾನರಿಯ ಮುಖ್ಯ ದ್ವೀಪಗಳಲ್ಲಿ ಇಷ್ಟು ದೀರ್ಘ ಕಾಲದಿಂದ ಸುಮ್ಮನಿರುವುದು ಇದೊಂದೇ. ಬೆಂಕಿ ಹೊರಟುಹೋದ ಮೇಲೆ ಒಂದು ನೆಲದಲ್ಲಿ ಏನೇನು ಹುಟ್ಟಿಕೊಳ್ಳುತ್ತದೆ ಎಂಬುದನ್ನು ನೋಡುವ ಆಸೆಯಿಂದಲೇ ನಾನು ಅಲ್ಲಿಗೆ ಹೋದದ್ದು.

ಟೆನೆರಿಫೆಯ ತೆಂಕಣ ದಂಡೆಯ ಲೋಸ್ ಕ್ರಿಸ್ತಿಯಾನೋಸ್‌ನಲ್ಲಿ ಹಡಗು ಹತ್ತಿದರೆ ಒಂದು ತಾಸಿನೊಳಗೆ ಸಾನ್ ಸೆಬಾಸ್ತಿಯಾನ್ ಬಂದರು ಸಿಗುತ್ತದೆ. ಪುಟ್ಟ ಊರು. ಕೊಲಂಬಸ್ 1492ರ ಸೆಪ್ಟೆಂಬರ್ 6ರಂದು ಗೊತ್ತಿರುವ ಲೋಕಕ್ಕೆ ಬೆನ್ನು ಹಾಕಿ ಹೊರಟದ್ದು ಇಲ್ಲಿಂದಲೇ. ಅವನ ಹಡಗುಗಳಿಗೆ ಸಿಹಿನೀರು ಸೇದಿದ್ದು ಇದರಿಂದ ಎಂದು ಊರಿನವರು ಒಂದು ಬಾವಿಯನ್ನು ಈಗಲೂ ತೋರಿಸುತ್ತಾರೆ. ಇತಿಹಾಸದ ದೊಡ್ಡ ಪುಟವೊಂದು ತೆರೆದ ಊರು ಇಷ್ಟು ನಿರಾಡಂಬರವಾಗಿ ಉಳಿದಿರುವುದನ್ನು ಕಂಡು ನನಗೆ ಆ ಊರಿನ ಮೇಲೆ ಗೌರವ ಹುಟ್ಟಿತು.

ದ್ವೀಪ ದೊಡ್ಡದೇನಲ್ಲ. ವಿಸ್ತಾರ ಸುಮಾರು 370 ಚದರ ಕಿಲೋಮೀಟರ್, ಜನಸಂಖ್ಯೆ 22,000ದ ಆಸುಪಾಸು. ಆದರೆ ನಕಾಶೆ ನೋಡಿ ದೂರವನ್ನು ಲೆಕ್ಕ ಹಾಕುವಂತಿಲ್ಲ. ನಡುವಿನ ಎತ್ತರದಿಂದ ಕಡಲಿನ ಕಡೆಗೆ ಸುತ್ತಲೂ ಆಳವಾದ ಕೊರಕಲುಗಳು ಇಳಿದಿವೆ. ಅರ್ಧ ಬಿಚ್ಚಿದ ಕೊಡೆಯ ಮಡಿಕೆಗಳ ಹಾಗೆ. ಅಲ್ಲಿನವರು ಬಸ್ಸನ್ನು ಗ್ವಾಗ್ವಾ ಎನ್ನುತ್ತಾರೆ. ಆ ಗ್ವಾಗ್ವಾ ಒಂದು ಮಡಿಕೆಯಲ್ಲಿ ಸುತ್ತಿ ಸುತ್ತಿ ಏರಿ, ಬೆನ್ನು ದಾಟಿ, ಇನ್ನೊಂದರಲ್ಲಿ ಸುತ್ತಿ ಸುತ್ತಿ ಇಳಿಯುತ್ತದೆ. ಎದುರು ದಿಬ್ಬದ ಮನೆಯಲ್ಲಿ ಒಣಹಾಕಿದ ಬಟ್ಟೆಯ ಬಣ್ಣ ಕಾಣುತ್ತದೆ, ಆ ಮನೆಯ ಬಾಗಿಲಿಗೆ ಹೋಗಬೇಕೆಂದರೆ ಅರ್ಧ ದಿನದ ನಡಿಗೆ. ಇಲ್ಲಿನ ಬದುಕಿನ ಎಲ್ಲ ಜಾಣತನವೂ ಈ ಒಂದು ಕಷ್ಟದಿಂದಲೇ ಹುಟ್ಟಿದ್ದು.

ಈ ಕೊರಕಲುಗಳನ್ನು ಕಡೆದದ್ದು ನೀರು. ಹೊಸ ಲಾವಾ ಬಂದು ತುಂಬದ ನೆಲದಲ್ಲಿ ಲಕ್ಷಾಂತರ ಮಳೆಗಾಲಗಳು ತಮ್ಮ ಕೆಲಸವನ್ನು ಅಡೆತಡೆಯಿಲ್ಲದೆ ಮಾಡಿವೆ. ದ್ವೀಪದ ಎದೆಯ ಭಾಗದಲ್ಲಿ ಅಗಾಂದೊ ಎಂಬ ಒಂಟಿ ಬಂಡೆಗುಡ್ಡವಿದೆ. ಅದು ಹಿಂದೆಂದೋ ಒಂದು ಜ್ವಾಲಾಮುಖಿಯ ಗಂಟಲಾಗಿತ್ತು. ಮೇಲೇರಿ ಬಂದ ಶಿಲಾರಸ ಹೊರಗೆ ಉಕ್ಕಲಾಗದೆ ಒಳಗೇ ಹೆಪ್ಪುಗಟ್ಟಿತು. ಆಮೇಲೆ ಸುತ್ತಲಿನ ಮೆದು ಬೆಟ್ಟವೆಲ್ಲ ಮಳೆಗಾಳಿಗೆ ಸವೆದುಹೋಗಿ ಗಂಟಲಿನ ಗಟ್ಟಿ ಕಲ್ಲು ಮಾತ್ರ ನಿಂತಿತು. ದ್ವೀಪದ ಬಡಗಣ ದಂಡೆಯಲ್ಲಿ ಲೋಸ್ ಓರ್ಗಾನೋಸ್ ಎಂಬ ಕಲ್ಲುಕಂಬಗಳ ಗೋಡೆಯಿದೆ. ಅದನ್ನು ನೋಡಬೇಕೆಂದರೆ ದೋಣಿಯಲ್ಲಿ ಹೋಗಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದ ಕನ್ನಡಿಗರಿಗೆ ಆ ಗೋಡೆ ಅಪರಿಚಿತವಲ್ಲ. ಲಾವಾ ನಿಧಾನವಾಗಿ ತಣಿಯುತ್ತ ಕುಗ್ಗುವಾಗ ಕೋನಕೋನವಾಗಿ ಸೀಳಿಕೊಂಡು ಕಂಬಗಳಾಗುತ್ತದೆ. ಉಡುಪಿಯ ಕಡಲಲ್ಲೂ ಗೊಮೇರಾದ ಕಡಲಲ್ಲೂ ನಡೆದದ್ದು ಒಂದೇ ಕ್ರಿಯೆ. ತಣಿಯುವುದಕ್ಕೂ ಒಂದು ಶಿಲ್ಪವಿದ್ಯೆ ಗೊತ್ತು ಎಂದು ನನಗೆ ಎರಡೂ ಕಡೆ ಅನಿಸಿದೆ.

ದ್ವೀಪದ ನೆತ್ತಿಯಲ್ಲಿರುವುದು ಗಾರಾಹೊನಾಯ್ ಕಾಡು. ಅದರ ತುತ್ತತುದಿ 1,487 ಮೀಟರ್. 1981ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಲಾರೆಲ್ ಜಾತಿಯ ನಿತ್ಯಹಸಿರು ಮರಗಳ ಇಂಥ ಕಾಡು ಲಕ್ಷಾಂತರ ವರ್ಷಗಳ ಹಿಂದೆ ದಕ್ಷಿಣ ಯುರೋಪಿನ ತುಂಬ ಇತ್ತು. ಹಿಮಯುಗಗಳು ಬಂದಾಗ ಅಲ್ಲಿ ಅಳಿಯಿತು, ಕಡಲು ಕಾಪಾಡಿದ ಕೆಲವು ದ್ವೀಪಗಳಲ್ಲಿ ಮಾತ್ರ ಉಳಿಯಿತು. ಒಂದು ಪ್ರೇಮಕಥೆಯೂ ಈ ಹೆಸರಿಗೆ ಅಂಟಿಕೊಂಡಿದೆ. ಗಾರಾ ಗೊಮೇರಾದ ನೀರಿನ ತಾಣದ ಹುಡುಗಿ, ಹೊನಾಯ್ ಆಚೆಯ ಬೆಂಕಿಯ ದ್ವೀಪದ ಹುಡುಗ. ಇಬ್ಬರೂ ಒಲಿದಾಗ ಟೇಯ್ದೆ ಸಿಡಿಯಿತಂತೆ. ಹಿರಿಯರು ಅವರನ್ನು ಬೇರೆ ಮಾಡಿದರು. ಗಾಳಿ ತುಂಬಿದ ಆಡಿನ ಚರ್ಮದ ಚೀಲಗಳನ್ನು ಕಟ್ಟಿಕೊಂಡು ಈಜಿ ಬಂದ ಹುಡುಗ ಹುಡುಗಿಯನ್ನು ಸೇರಿ, ಕೊನೆಗೆ ಇಬ್ಬರೂ ಈ ಬೆಟ್ಟದ ಮೇಲೆ ಒಟ್ಟಿಗೆ ಪ್ರಾಣಬಿಟ್ಟರು.

ಕಾಡಿನೊಳಗೆ ಹೊಕ್ಕಾಗ ನಾನು ಮೊದಲು ಗಮನಿಸಿದ್ದು ಹನಿಯ ಸದ್ದನ್ನು. ಮಳೆ ಇರಲಿಲ್ಲ. ಆದರೂ ಮರಗಳ ಕೆಳಗೆ ನೆಲ ತೊಯ್ದಿತ್ತು, ಮರಗಳ ಆಚೆ ಬಯಲಲ್ಲಿ ದಾರಿಯ ಧೂಳು ಒಣಗಿಯೇ ಇತ್ತು. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಕಡಲಿನ ತೇವವನ್ನು ಬೆಟ್ಟಕ್ಕೆ ತಂದು ಒತ್ತುತ್ತದೆ. ಅದು ಮಂಜಾಗಿ ಕಾಡಿನೊಳಗೆ ಅಡ್ಡಡ್ಡ ಹಾಯುತ್ತದೆ. ಬ್ರೆಸೊ ಎಂಬ ಮರದ ರೆಂಬೆಯೊಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಸೂಜಿಯಷ್ಟೇ ಸಣ್ಣ ಎಲೆಗಳು, ಒಂದೊಂದರ ತುದಿಯಲ್ಲೂ ಒಂದೊಂದು ಹನಿ. ಹನಿ ದಪ್ಪವಾಗುತ್ತದೆ, ಪಕ್ಕದ ಹನಿಯನ್ನು ಕೂಡಿಕೊಳ್ಳುತ್ತದೆ, ಭಾರ ತಡೆಯದೆ ಕೆಳಗಿನ ಪಾಚಿಗೆ ಬೀಳುತ್ತದೆ. ಅಷ್ಟರಲ್ಲಿ ಎಲೆಯ ತುದಿಯಲ್ಲಿ ಮತ್ತೊಂದು ಮೂಡಿರುತ್ತದೆ. ಕೆಳಗಿನ ಕಣಿವೆಗಳ ಚಿಲುಮೆ, ಬಾಳೆತೋಟ, ಕುಡಿಯುವ ನೀರು ಎಲ್ಲಕ್ಕೂ ಈ ಹನಿಗಳ ಋಣವಿದೆ. ಆ ಕಾಡನ್ನು ಕಡಿದರೆ ಮಂಜು ಬರುವುದೇನೋ ಬರುತ್ತದೆ, ಆದರೆ ಹಿಡಿಯುವವರಿಲ್ಲದೆ ಹಾಗೇ ದಾಟಿ ಹೋಗುತ್ತದೆ.

ಸಿಲ್ಬೊ ಎಂಬ ಶಿಳ್ಳೆಯ ಮಾತನ್ನು ನಾನು ಕೇಳಿದ್ದು ಎರ್ಮಿಗ್ವಾ ಕಣಿವೆಯಲ್ಲಿ. ಹೊಲದ ಅಂಚಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಬೆರಳಿನ ಗೆಣ್ಣನ್ನು ಮಡಚಿ ಬಾಯೊಳಗಿಟ್ಟು, ಇನ್ನೊಂದು ಅಂಗೈಯನ್ನು ಕೆನ್ನೆಗೆ ಆನಿಸಿ ದಿಕ್ಕು ಕೊಟ್ಟು ಊದಿದರು. ಶಿಳ್ಳೆ ಏರಿತು, ಬಳುಕಿತು, ಚಕ್ಕನೆ ತುಂಡಾಗಿ ಮತ್ತೆ ಏರಿತು. ಎದುರು ದಿಬ್ಬದಿಂದ ಉತ್ತರ ಬಂತು. ನಾನು ಉಳಿದುಕೊಂಡಿದ್ದ ಮನೆಯೊಡತಿಯ ಮಗಳು ನಗುತ್ತ ಅರ್ಥ ಹೇಳಿದಳು: “ಆಡು ಈ ಕಡೆ ಬಂದಿದೆಯಾ ಅಂತ ಅಜ್ಜ ಕೇಳಿದರು. ಇಲ್ಲೇ ಇದೆ, ಕಟ್ಟಿಹಾಕಿದ್ದೀನಿ ಅಂತ ಅವರು ಹೇಳಿದರು.”

ಸಿಲ್ಬೊ ಎಂದರೆ ಸಂಕೇತಗಳ ಪಟ್ಟಿಯಲ್ಲ. ಆಡುವ ಮಾತಿನ ಏರಿಳಿತವನ್ನೇ ಶಿಳ್ಳೆಗೆ ಇಳಿಸುವ ಕಲೆ. ಈ ದ್ವೀಪದ ಮೂಲನಿವಾಸಿಗಳು ತಮ್ಮ ಮಾತನ್ನು ಹೀಗೆ ಊದುತ್ತಿದ್ದರು. 15ನೇ ಶತಮಾನದಲ್ಲಿ ಸ್ಪೇನಿನವರು ದ್ವೀಪವನ್ನು ಗೆದ್ದ ಮೇಲೆ ಆ ಮಾತು ಅಳಿಯಿತು, ಶಿಳ್ಳೆ ಉಳಿದು ಸ್ಪ್ಯಾನಿಷನ್ನು ಹೊತ್ತುಕೊಂಡಿತು. ಕೂಗು ತಲುಪದ ಕಡೆಗೆ, ಕೊರಕಲು ದಾಟಿ ಎರಡು ಮೂರು ಕಿಲೋಮೀಟರ್‌ವರೆಗೂ ಅದು ತಲುಪುತ್ತದೆ. ರಸ್ತೆ ಬಂತು, ಫೋನು ಬಂತು, ಊದುವವರು ಕಡಿಮೆಯಾದರು. ಇನ್ನೇನು ಹೋಯಿತು ಎನ್ನುವಾಗ 1999ರಲ್ಲಿ ಶಾಲೆಯ ಪಾಠಗಳಲ್ಲಿ ಅದನ್ನು ಸೇರಿಸಿದರು. 2009ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯೆಂದು ಗುರುತಿಸಿತು. ಇಂದು ಗೊಮೇರಾದ ಮಕ್ಕಳೆಲ್ಲ ಗಣಿತದ ಜೊತೆಗೆ ಶಿಳ್ಳೆಯನ್ನೂ ಕಲಿಯುತ್ತಾರೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಎರಡು. ಒಂದು, ಸಿಲ್ಬೊದಲ್ಲಿ ಗುಟ್ಟು ಹೇಳಲಾಗದು. ಊದಿದ್ದು ಇಡೀ ಕಣಿವೆಗೆ ಕೇಳಿಸುತ್ತದೆ. ಹಾಗಾಗಿ ಎಲ್ಲರಿಗೂ ಕೇಳಿಸಬಹುದಾದದ್ದನ್ನೇ ಊದಬೇಕು: ಸಾವು, ಹೆರಿಗೆ, ಬೆಂಕಿ, ಹಬ್ಬದ ಕರೆ, ಕಳೆದುಹೋದ ಆಡು. ಇನ್ನೊಂದು, ಅದಕ್ಕೆ ಊದುವವನಷ್ಟೇ ಕೇಳುವವನೂ ಮುಖ್ಯ. ಸುತ್ತ ಗದ್ದಲವಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ಕಣಿವೆಯ ಮೌನವನ್ನು ಪ್ರವಾಸಿಗಳಾದ ನಾವು ಏನೂ ಇಲ್ಲದ ಜಾಗ ಎಂದುಕೊಂಡು ಸವಿಯುತ್ತೇವೆ. ಗೊಮೇರಾದವರಿಗೆ ಅದು ಮಾತು ಹರಿದುಹೋಗುವ ದಾರಿ.

ಪಡುವಣದ ವಾಯೆ ಎರ್ಮೊಸೊ ಕಡೆಗೆ ಹೋದರೆ ದಿಬ್ಬದ ತುಂಬ ಕ್ಯಾನರಿ ಪಾಮ್ ಮರಗಳು. ನಮ್ಮ ಈಚಲಿನ ಕುಲದ್ದೇ ಮರ. ಇರುವೆ ಹತ್ತದಿರಲೆಂದು ಕೆಲವು ಮರಗಳ ನಡುವಿಗೆ ತಗಡಿನ ಪಟ್ಟಿ ಸುತ್ತಿರುತ್ತಾರೆ. ಅಂಥ ಮರ ಕಂಡರೆ ಅಲ್ಲಿ ರಸ ಇಳಿಸುತ್ತಿದ್ದಾರೆ ಎಂದು ಅರ್ಥ. ಸಂಜೆ ಮರದ ಸುಳಿಯನ್ನು ತೆಳುವಾಗಿ ಕೆತ್ತಿ ಬರುತ್ತಾರೆ, ರಾತ್ರಿಯೆಲ್ಲ ತೊಟ್ಟಿಕ್ಕಿದ ಗ್ವಾರಾಪೊ ಎಂಬ ಆ ರಸವನ್ನು ಹೊತ್ತು ಮೂಡುವ ಮೊದಲೇ ಇಳಿಸುತ್ತಾರೆ. ಬಿಸಿಲೇರಿದರೆ ಅದು ಹುಳಿಯುತ್ತದೆ. ನೀರಾ ಕುಡಿದು ಬಲ್ಲವರಿಗೆ ಅದರ ರುಚಿ ಹೇಳಬೇಕಾಗಿಲ್ಲ. ತಾಸುಗಟ್ಟಲೆ ಕುದಿಸಿದರೆ ಕಪ್ಪುಕಂದು ಬಣ್ಣದ ಜೋನಿ ಬೆಲ್ಲವಾಗುತ್ತದೆ. ಒಲೆಯ ಮುಂದೆ ಕೂತಿದ್ದ ಹಿರಿಯರನ್ನು, “ಒಂದೇ ಮರದಿಂದ ವರ್ಷ ವರ್ಷವೂ ಇಳಿಸ್ತೀರಾ?” ಎಂದು ಕೇಳಿಸಿದೆ. “ಇಲ್ಲ ಮಗಾ,” ಎಂದರು. “ಒಂದು ಸಲ ಇಳಿಸಿದ ಮರಾನ ಕೆಲವು ವರ್ಷ ಮುಟ್ಟೋ ಹಾಗಿಲ್ಲ. ಅದು ಸುಧಾರಿಸಿಕೋಬೇಕಲ್ಲ.” ಮನೆಗೆ ಬಂದಾಗ ಮರದ ಬಟ್ಟಲಲ್ಲಿ ನೀರುಸೊಪ್ಪಿನ ಬಿಸಿ ಸಾರು, ಅದರ ಮೇಲೆ ಉದುರಿಸಿಕೊಳ್ಳಲು ಗೋಫಿಯೊ ಎಂಬ ಹುರಿಹಿಟ್ಟು. ಆಮೇಲೆ ಆ ಬೆಲ್ಲ. ಬಡತನ ಕಲಿಸಿದ ಅಡುಗೆ, ಆದರೆ ಹೊಟ್ಟೆಯನ್ನೂ ಮನಸ್ಸನ್ನೂ ತುಂಬುವ ಅಡುಗೆ.

ಬಡತನವೂ ಈ ದ್ವೀಪದ ಮೌನದಲ್ಲಿ ಬೆರೆತಿದೆ. ಯಾವ ಕಣಿವೆಯಲ್ಲಿ ನಿಂತರೂ ಬೆಟ್ಟದ ಮೈಮೇಲೆ ಮೆಟ್ಟಿಲುಗದ್ದೆಗಳು ಕಾಣುತ್ತವೆ. ಒಂದೊಂದು ಕಲ್ಲನ್ನೂ ಕೈಯಲ್ಲಿ ಇಟ್ಟು ಕಟ್ಟಿದ ಗೋಡೆಗಳು, ಕೆಲವು ಒಂದು ಹಾಸಿಗೆಯಷ್ಟು ಅಗಲದ ಮಣ್ಣಿಗಾಗಿ. ಅವುಗಳಲ್ಲಿ ಬಹುಪಾಲು ಈಗ ಬೀಳುಬಿದ್ದಿವೆ. ಜನ ಕ್ಯೂಬಾಕ್ಕೆ ಹೋದರು, ವೆನೆಜುವೇಲಾಕ್ಕೆ ಹೋದರು. 1950ರ ಆಗಸ್ಟಿನಲ್ಲಿ ವಾಯೆ ಗ್ರಾನ್ ರೇಯ್‌ನಿಂದ ತೆಲೇಮಾಕೊ ಎಂಬ ಹಾಯಿಹಡಗು ಸುಮಾರು 170 ಜನರನ್ನು ತುಂಬಿಕೊಂಡು ಗುಟ್ಟಾಗಿ ಅಟ್ಲಾಂಟಿಕ್ ದಾಟಿತು. ಹಸಿವು ಬಾಯಾರಿಕೆಗಳಲ್ಲಿ ಬೆಂದು ಅವರು ಆಚೆ ದಡ ಮುಟ್ಟಿದರು. ಈ ಗದ್ದೆಗಳ ಮೌನ ಕಾಡಿನ ಮೌನದಂಥದ್ದಲ್ಲ. ಎರಡನ್ನೂ ಒಂದೇ ಎಂದು ಸವಿದರೆ ಹೊರಟುಹೋದವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಬೆಂಕಿಯೂ ಪೂರ್ತಿ ಬಿಟ್ಟುಹೋಗಿಲ್ಲ. ನೆಲದೊಳಗಿನದು ಆರಿದೆ, ಮೇಲೆ ಹೊತ್ತುವ ಕಾಡ್ಗಿಚ್ಚಿನ ಭಯ ಪ್ರತಿ ಬೇಸಿಗೆಯಲ್ಲೂ ಇದೆ. 1984ರ ಸೆಪ್ಟೆಂಬರಿನಲ್ಲಿ ಹಾಗೆ ಹೊತ್ತಿದ ಬೆಂಕಿಯಲ್ಲಿ 20 ಜನ ಸತ್ತರು. ಅಗಾಂದೊ ಬಂಡೆಯ ಎದುರಿಗೇ ಅವರ ಸ್ಮಾರಕವಿದೆ. 2012ರ ಬೇಸಿಗೆಯಲ್ಲಿ ರಾಷ್ಟ್ರೀಯ ಉದ್ಯಾನದ ಸುಮಾರು ಐದರಲ್ಲೊಂದು ಪಾಲು ಸುಟ್ಟಿತು. ಸುಟ್ಟ ಕಡೆ ಬ್ರೆಸೊ ಬುಡದಿಂದ ಚಿಗುರುತ್ತದೆ. ಹಳೆಯ ಲಾರೆಲ್ ಕಾಡು ಮೊದಲಿನಂತಾಗಲು ತಲೆಮಾರುಗಳೇ ಬೇಕು.

ಬೆಂಕಿ ಕೆಲವು ದಿನಗಳಲ್ಲಿ ಬೆಟ್ಟ ಎಬ್ಬಿಸಬಲ್ಲದು. ಆ ಬೆಟ್ಟವನ್ನು ಬದುಕಲು ತಕ್ಕ ಜಾಗ ಮಾಡುವುದು ಮಾತ್ರ ಹನಿಯ ಕೆಲಸ, ಪಾಚಿಯ ಕೆಲಸ, ಕಲ್ಲಿನ ಮೇಲೆ ಕಲ್ಲಿಟ್ಟವರ ಕೆಲಸ, ಮರಕ್ಕೆ ಬಿಡುವು ಕೊಡಬಲ್ಲವರ ಕೆಲಸ. ಈ ಕೆಲಸಗಳು ಸದ್ದು ಮಾಡುವುದಿಲ್ಲ, ಆದ್ದರಿಂದ ನಮ್ಮ ಲೆಕ್ಕಕ್ಕೂ ಸುಲಭವಾಗಿ ಬರುವುದಿಲ್ಲ. ಗೊಮೇರಾಕ್ಕೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಬೆಳಿಗ್ಗೆಯ ಹಡಗಿಗೆ ಬಂದು ಸಂಜೆಯ ಹಡಗಿಗೆ ಮರಳಬೇಡಿ. ಯಾವುದಾದರೂ ಒಂದು ಕಣಿವೆಯನ್ನು ಆರಿಸಿಕೊಳ್ಳಿ, ಅಲ್ಲಿನ ಹಳ್ಳಿಯ ಮನೆಯಲ್ಲಿ ಉಳಿಯಿರಿ, ಅವರ ಸಾರು ಬೆಲ್ಲ ಉಣ್ಣಿ, ನಡೆದು ಕಾಡಿಗೆ ಹತ್ತಿ. ನೀವು ಕೊಡುವ ದುಡ್ಡಿನಿಂದ ಒಂದು ಗದ್ದೆ ಬೀಳುಬೀಳದೆ ಉಳಿದರೆ, ಒಬ್ಬ ಹುಡುಗ ಊರಲ್ಲೇ ನಿಂತು ಮರ ಹತ್ತುವುದನ್ನು ಕಲಿತರೆ, ನೀವು ಆ ಮೌನವನ್ನು ಬರಿದೇ ಕುಡಿದು ಬಂದಂತಾಗುವುದಿಲ್ಲ, ಅದನ್ನು ಕಾಯುವವರ ಜೊತೆಗೂ ಸೇರಿದಂತಾಗುತ್ತದೆ.